ಹುರುಳಿ ಒಕ್ಕಿದ ಸ್ಪೋರ್ಟ್ಸ್ ಕಾರು

ಐವತ್ತೆರಡನೇ ವಯಸ್ಸಿನಲ್ಲಿ ನಾನೊಂದು ಕೆಂಪು ಸ್ಪೋರ್ಟ್ಸ್ ಕಾರು ಕೊಂಡೆ. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಮಲಗಿದಂಥ ಮೈ, ಹಿಂದುಗಡೆ ಯಾತಕ್ಕೂ ಬಾರದ ಒಂದು ರೆಕ್ಕೆ. ನಾನು ನರಸೀಪುರದ ಪಿಯು ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುವವಳು. ಮನೆ ನಂಜನಗೂಡಿನಲ್ಲಿ. ದಿನಾ ಸೀರೆ ಉಡುವವಳು, ಸೊಂಟನೋವು ಬೇರೆ. ಇಷ್ಟು ಹೇಳಿದರೆ ಸಾಕು, ಲೆಕ್ಕ ಎಲ್ಲಿ ತಪ್ಪಿತು ಎಂದು ನನ್ನ ತರಗತಿಯ ದಡ್ಡನೂ ಹೇಳಿಬಿಡುತ್ತಾನೆ.

ಇಪ್ಪತ್ತನಾಲ್ಕು ವರ್ಷ ಈ ಎರಡು ಊರುಗಳ ನಡುವೆ ಬಸ್ಸಿನಲ್ಲಿ ನಿಂತೇ ಓಡಾಡಿದ್ದೆ. ಸೀಟು ಸಿಕ್ಕ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಮಗಳ ಮದುವೆ ಮುಗಿದ ಮೇಲೆ ಕಾರು ತೆಗೆದುಕೊಳ್ಳುವುದು ಎಂದು ಮನೆಯಲ್ಲಿ ತೀರ್ಮಾನವಾಯಿತು. ಮನೆಯಲ್ಲಿ ಎಂದರೆ ನಮ್ಮ ಯಜಮಾನರ ತಲೆಯಲ್ಲಿ. ಅವರು ಸರ್ವೆಯರ್. ಊರವರ ಜಮೀನಿಗೆ ಹದ್ದುಬಸ್ತು ಮಾಡಿ, ಒತ್ತುವರಿ ಬಿಡಿಸಿ ಕಲ್ಲು ನೆಡಿಸುವ ಕೆಲಸ. ಟೇಪು ಹಿಡಿದು ಅಳೆಯದೆ ಅವರು ಏನನ್ನೂ ಕೊಂಡವರಲ್ಲ. ಫ್ರಿಜ್ಜು, ಮಂಚ, ಬೀರು, ಬಚ್ಚಲುಮನೆಯ ಬಕೆಟ್ಟು, ಎಲ್ಲ ಅವರ ಅಳತೆ, ಅವರ ಆಯ್ಕೆ. ನಾನು ಆರಿಸುತ್ತಿದ್ದದ್ದು ಸೊಪ್ಪು, ಅದೂ ಬಾಗಿಲಿಗೆ ಬಂದರೆ.

ಎತ್ತರದ ಬಿಳಿ ಕಾರು ಎಂದು ಅವರು ಆಗಲೇ ಗೊತ್ತು ಮಾಡಿದ್ದರು. ಕಾರು ನೋಡಲು ಹೋಗಬೇಕಿದ್ದ ಶನಿವಾರ ಅವರಿಗೆ ಕವಲಂದೆ ಕಡೆ ಅಳತೆ ಬಿತ್ತು. "ನೀನು ಮೈಸೂರ್‌ಗೋಗಿ ಸುಮ್ನೆ ನೋಡ್ಕಂಡು ಬಾ, ಮುಂದಿನ್ ವಾರ ನಾನ್ ಬತ್ತೀನಿ" ಎಂದರು. ಹಳೆ ಕಾರು ಮಾರುವ ಆ ಅಂಗಡಿಯಲ್ಲಿ ಬಿಳಿಯ ಕಾರಿನ ಪಕ್ಕ ಈ ಕೆಂಪನೆಯದು ನಿಂತಿತ್ತು. ಒಂದು ಸುತ್ತು ಓಡಿಸಿ ನೋಡಿ ಮೇಡಂ ಎಂದರು ಅಂಗಡಿಯವರು. ಮಗಳ ಜೊತೆ ಡ್ರೈವಿಂಗ್ ಕ್ಲಾಸಿಗೆ ಹೋಗಿ ಕಲಿತದ್ದಿತ್ತು, ರಿಂಗ್ ರೋಡಿನಲ್ಲಿ ಓಡಿಸಿದೆ. ಅಷ್ಟು ಜೋರಾಗಿ ನಾನು ಜೀವಮಾನದಲ್ಲಿ ಎಲ್ಲಿಗೂ ಹೋಗಿರಲಿಲ್ಲ. ಇಳಿದವಳೇ ಸಹಿ ಹಾಕಿದೆ. ಕೊಂಡದ್ದು ರಿಂಗ್ ರೋಡಿನಲ್ಲಿ, ಬಾಳಬೇಕಾದದ್ದು ನರಸೀಪುರದ ರಸ್ತೆಯಲ್ಲಿ ಎಂಬುದು ಆಗ ಹೊಳೆಯಲಿಲ್ಲ.

ಕಾರು ಮನೆಗೆ ಬಂದಾಗ ಯಜಮಾನರು ಕೂಗಾಡಲಿಲ್ಲ. ಬ್ಯಾಗಿನಿಂದ ಟೇಪು ತೆಗೆದರು. ಬೀದಿಯವರೆಲ್ಲ ನೋಡುತ್ತಿದ್ದ ಹಾಗೇ ರಸ್ತೆ ಮೇಲೆ ಮಗ್ಗುಲಾಗಿ ಮಲಗಿ, ಕಾರಿನ ಹೊಟ್ಟೆಗೂ ನೆಲಕ್ಕೂ ಇರುವ ಅಂತರ ಅಳೆದರು. ಎದ್ದು ಅಂಗಿ ಒದರಿಕೊಂಡರು.

"ಒಂದ್ ಗೇಣೂ ಇಲ್ಲ. ಬರೋ ಉಗಾದಿ ಒಳ್ಗೆ ನಿನ್ ಬಾಯಿಂದ್ಲೇ ಬತ್ತದೆ ನೋಡ್ತಿರು, ತಪ್ ಮಾಡ್ಬುಟ್ಟೆ ಕಣ್ರೀ ಅಂತ."

"ಸತ್ರೂ ಬರಲ್ಲ" ಎಂದೆ.

ಹಟಕ್ಕೆ ಅಂದದ್ದಲ್ಲ. ಆ ಒಂದು ಮಾತು ನನ್ನ ಬಾಯಿಂದ ಹೊರಟರೆ ಆಮೇಲೆ ಆ ಮನೆಯಲ್ಲಿ ಒಂದು ಲೋಟವನ್ನು ಆರಿಸುವ ಹಕ್ಕೂ ನನಗೆ ಉಳಿಯುವುದಿಲ್ಲ ಎಂದು ಚೆನ್ನಾಗಿ ಗೊತ್ತಿತ್ತು. ಮೊದಲೇ ಇರಲಿಲ್ಲ ಎನ್ನಿ. ಆದರೂ ಹೋಗುವುದು ಬೇಡವಾಗಿತ್ತು.

ಮೊದಲ ಸೋಮವಾರವೇ ಪಶ್ಚಾತ್ತಾಪ ಹತ್ತಿಕೊಂಡಿತು. ಆ ಕಾರಿಗೆ ಹತ್ತುವುದು ಎನ್ನುವ ಮಾತೇ ಇಲ್ಲ, ಅದರೊಳಕ್ಕೆ ಬೀಳಬೇಕು. ಮೊದಲು ಕೂತುಬಿಟ್ಟು, ಆಮೇಲೆ ಕಾಲುಗಳನ್ನು ಒಂದೊಂದಾಗಿ ಎಳೆದುಕೊಂಡು, ಕೊನೆಗೆ ನೆರಿಗೆ ಒಳಗೆ ತೆಗೆದುಕೊಳ್ಳಬೇಕು. ಇಳಿಯುವುದಂತೂ ದೊಡ್ಡ ಪ್ರಯೋಗ. ಬಾಗಿಲು ತೆರೆದು, ಮಗ್ಗುಲಾಗಿ, ಒಂದು ಕೈ ನೆಲಕ್ಕೂ ಇನ್ನೊಂದು ಕೈ ಕಾರಿನ ನೆತ್ತಿಗೂ ಕೊಟ್ಟು, ನಂಜುಂಡಪ್ಪನನ್ನು ನೆನೆದು ಎದ್ದು ನಿಲ್ಲುವಷ್ಟರಲ್ಲಿ ಕಾಲೇಜಿನ ಅರ್ಧ ಮಕ್ಕಳು ವರಾಂಡದಲ್ಲಿ ಸಾಲಾಗಿ ನಿಂತಿರುತ್ತಿದ್ದರು. "ಮೇಡಂ ಇಳೀತಾವ್ರೆ, ಬನ್ರೋ" ಎನ್ನುವ ಕೂಗು ನನ್ನ ಕಿವಿಗೇ ಬೀಳುತ್ತಿತ್ತು. ಪಿರಿಯಡ್ ಬೆಲ್ಲಿಗೆ ಓಡಿಬರದವರು ಇದಕ್ಕೆ ಓಡಿಬರುತ್ತಿದ್ದರು.

ಇನ್ನು ಹಂಪುಗಳು. ನಮ್ಮ ಹೈವೇಗೆ ಹೈವೇ ಎಂಬ ಹೆಸರು ಯಾರು ಇಟ್ಟರೋ ಕಾಣೆ, ಪ್ರತಿ ಊರಿಗೂ ತಲೆಗೊಂದು ಬಾಲಕ್ಕೊಂದು ಹಂಪು. ಶಾಲೆಗೊಂದು, ಗುಡಿಗೊಂದು, ಹಾಲಿನ ಡೈರಿಗೊಂದು. ಬಸ್ಸಿನಲ್ಲಿ ನಿಂತವಳಿಗೆ ಹಂಪು ಎಂದರೆ ಕಂಬಿ ಗಟ್ಟಿಯಾಗಿ ಹಿಡಿದುಕೊಳ್ಳುವ ಕೆಲಸ ಅಷ್ಟೆ. ಈಗ ಒಂದೊಂದೂ ಒಂದೊಂದು ಚಾಮುಂಡಿ ಬೆಟ್ಟ. ನೇರ ಹತ್ತಿಸಿದರೆ ಹೊಟ್ಟೆ ಕರ್ರ್ ಎಂದು ಉಜ್ಜುತ್ತದೆ. ಹಾಗಾಗಿ ಕಾರನ್ನು ಪೂರ್ತಿ ಓರೆ ಮಾಡಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಬೇಕು. ಅಷ್ಟು ಹೊತ್ತೂ ರಸ್ತೆಯ ಎರಡು ಕಡೆಯೂ ಬಂದ್. ಹಿಂದಿನ ಕಬ್ಬಿನ ಟ್ರ್ಯಾಕ್ಟರಿನವನು ಹಾರನ್ ಬಾರಿಸಿ ಬಾರಿಸಿ ಸಾಕಾಗಿ ಇಳಿದು ಬೀಡಿ ಹಚ್ಚುತ್ತಿದ್ದ. ಒಂದು ದಿನ ನನ್ನ ಹಳೆಯ ಬಸ್ಸೇ ಹಿಂದಿನಿಂದ ಬಂದು ಕಾದು ನಿಂತು, ಪಕ್ಕದಲ್ಲಿ ಹಾದುಹೋಗುವಾಗ ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ಬತ್ತೀರಾ ಮೇಡಂ? ಸೀಟದೆ" ಎಂದ. ಇಪ್ಪತ್ತನಾಲ್ಕು ವರ್ಷದಲ್ಲಿ ಆ ಮನುಷ್ಯ ಒಂದು ದಿನವಾದರೂ ಆ ಮಾತು ಆಡಿರಲಿಲ್ಲ. ನನಗೆ ಅಳುವೇ ಬಂತು.

ಸಂಜೆ ಮನೆಗೆ ಬಂದರೆ ಯಜಮಾನರು ಪೇಪರಿನಿಂದ ತಲೆಯೆತ್ತದೆ ಕೇಳುತ್ತಿದ್ದರು. "ಹೆಂಗಿತ್ತು ರೋಡು?"

"ಬೆಣ್ಣೆ."

ಹೇಳಿದವಳೇ ಬಚ್ಚಲುಮನೆಗೆ ನುಗ್ಗಿ, ಚಿಲಕ ಹಾಕಿಕೊಂಡು ಸೊಂಟಕ್ಕೆ ಬಾಮ್ ತಿಕ್ಕುತ್ತಿದ್ದೆ. ಹೊರಗೆ ಬಂದರೆ ಅವರು ಮೂಗೆಳೆದು, "ಏನೋ ಗಮ್ ಅಂತದಲ್ಲ" ಎನ್ನುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ನೆಗಡಿ, ಅವರ ಬಾಮು ನನಗೂ ಮೆತ್ತಿಕೊಂಡಿದೆ ಎಂದು ಸುಳ್ಳು ಹೇಳುತ್ತಿದ್ದೆ. ಮೂರು ತಿಂಗಳು ನಮ್ಮ ಸ್ಟಾಫಿಗೆ ನೆಗಡಿ ಬಿಡಲೇ ಇಲ್ಲ.

ಹುರುಳಿ ಕೊಯ್ಲಿನ ಕಾಲ ಬಂತು. ನಮ್ಮ ಕಡೆ ಕಣ ಮಾಡುವವರು ಈಗ ಕಡಿಮೆ. ಕಿತ್ತ ಹುರುಳಿ ಗಿಡವನ್ನು ಟಾರ್ ರಸ್ತೆಗೇ ಮೊಳಕಾಲೆತ್ತರ ಹರಡಿಬಿಡುತ್ತಾರೆ. ಬಸ್ಸು ಲಾರಿಗಳು ಅದರ ಮೇಲೆ ಹೋಗಿ ಹೋಗಿ ಕಾಯಿ ಒಡೆದು ಕಾಳು ಉದುರುತ್ತದೆ. ಪುಕ್ಕಟೆ ಒಕ್ಕಣೆ. ಎತ್ತರದ ಗಾಡಿಗಳು ದಾಟಿಕೊಂಡು ಹೋಗುತ್ತವೆ. ನನ್ನದು ಹುಲ್ಲಿನ ಮೆದೆಗೆ ತಲೆ ಹಾಕಿದ ದನದ ಹಾಗೆ ಒಳಗೆ ಹೋಯಿತು. ಹೊಟ್ಟೆಗೆ ಹುರುಳಿ ಹುಲ್ಲು ಸಿಕ್ಕಿಕೊಂಡು, ಒಂದು ಚಾಪೆಯನ್ನೇ ಎಳೆದುಕೊಂಡು ಆ ಕಡೆ ಹೊರಬಂತು. ಹುರುಳಿಯ ಒಡತಿ, ನನ್ನದೇ ವಯಸ್ಸಿನ ಹೆಂಗಸು, ಹುಲ್ಲು ತಿರುವುವ ಕೋಲು ಹಿಡಿದು ಓಡಿಬಂದಳು. ಇವತ್ತು ನನಗೆ ಮಂಗಳಾರತಿ ಎಂದುಕೊಂಡು ಕಿಟಕಿ ಇಳಿಸಿದೆ.

ಅವಳು ನನ್ನ ಮುಖವನ್ನೇ ನೋಡಲಿಲ್ಲ. ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು, ಹುಲ್ಲು ಸರಿಸಿ, ಅಂಗೈ ತುಂಬ ಕಾಳು ಎತ್ತಿದಳು.

"ಅಯ್, ಇದೇನವ್ವಾ ಇದು! ಬಸ್ಸು ಹತ್ ಸಲ ಓದ್ರೂ ಉಳ್ಳಿ ಇಂಗ್ ಉದ್ರಾಕಿಲ್ಲ. ಇನ್ನೊಂದ್ ಸುತ್ತು ಓಗ್ಬುಟ್ಟು ಬಾರವ್ವಾ."

"ಕಾಲೇಜಿಗೆ ಟೈಮಾಯ್ತು ಕಣಮ್ಮ."

"ಐದ್ ನಿಮುಸ ಕಣವ್ವ. ನಿನ್ ಕಾಲೇಜೇನ್ ಎದ್ದು ಓಡೋದದಾ?"

ಟೈರು ಅಗಲ, ಹೊಟ್ಟೆ ತಗ್ಗು. ಟೈರು ಅರೆದದ್ದನ್ನು ಹೊಟ್ಟೆ ಉಜ್ಜುತ್ತಿತ್ತು. ನಾನು ಹಿಂದಕ್ಕೆ ತಿರುಗಿಸಿದೆ. ಯಾಕೆಂದರೆ ಆ ಕಾರನ್ನು ಕೊಂಡಂದಿನಿಂದ ಒಬ್ಬರು ಅದನ್ನು ಮನಸಾರೆ ಹೊಗಳಿದ್ದು ಅದೇ ಮೊದಲು.

ಆಮೇಲೆ ಅದು ದಿನದ ಪರಿಪಾಠವಾಯಿತು. ಸ್ಪೆಷಲ್ ಕ್ಲಾಸು ಎಂದು ಮನೆಯಲ್ಲಿ ಹೇಳಿ ಅರ್ಧ ಗಂಟೆ ಮೊದಲೇ ಹೊರಡುತ್ತಿದ್ದೆ. ಅವಳು ಕೋಲು ಬೀಸಿ, "ಎಡಕ್ಕೆ ಬಾ, ಅಂಚು ಬುಟ್ಟೋಯ್ತು" ಎಂದು ಗದರುತ್ತಿದ್ದಳು. ಟೈರಿನ ಅರ್ಧ ಅಗಲದಷ್ಟು ಒಂದರ ಮೇಲೊಂದು ಬರುವಂತೆ ಓಡಿಸಿದರೆ ಏಳು ಸಲಕ್ಕೆ ಇಡೀ ಹರವು ಮುಗಿಯುತ್ತದೆ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ನನ್ನ ಎಂ.ಎಸ್ಸಿ. ಹೀಗೂ ಉಪಯೋಗಕ್ಕೆ ಬಂತು. ಅಕ್ಕಪಕ್ಕದ ಹೊಲದವರೂ ತಮ್ಮ ಹುರುಳಿ ತಂದು ಹರಡಿ, ಪಾಳಿ ಹಾಕಿಕೊಂಡು ಕಾದು ಕೂತರು. ಅವಳು ಒಂದು ದಿನ ಚೀಲದಲ್ಲಿ ಕಾಳು ಕೊಟ್ಟಳು. ಅದರ ಕಟ್ಟಿನ ಸಾರಿಗೆ ಯಜಮಾನರು ಇನ್ನೊಂದು ಮುದ್ದೆ ಹಾಕಿಸಿಕೊಂಡು, "ಎಲ್ಲಿ ಸಿಕ್ತು ಇಂಥ ಹುರುಳಿ?" ಎಂದರು. ಸ್ಟಾಫಿನವರು ಕೊಟ್ಟರು ಎಂದೆ. ನೆಗಡಿಯವರಾ ಎಂದು ಕೇಳಿದರು.

ಕೊನೆಯ ಹರವಿನ ದಿನ ಹುಲ್ಲು ಒಣಗಿ ಗರಿಗರಿಯಾಗಿತ್ತು. ನಾಲ್ಕನೇ ಸಲ ತಿರುಗಿಸಿಕೊಂಡು ಬರುವಾಗ ಏನೋ ಸೀದ ವಾಸನೆ. ಕಾಲ ಬಳಿಯಿಂದ ಬಿಳಿಯ ಹೊಗೆ ಎದ್ದಿತು. ಸೈಲೆನ್ಸರಿಗೆ ಸುತ್ತಿಕೊಂಡಿದ್ದ ಹುಲ್ಲು ಕಾವಿಗೆ ಹತ್ತಿಕೊಂಡಿತ್ತು.

"ಒಗೆ! ಒಗೆ! ಇಳಿಯವ್ವೋ!"

ಇಳಿಯುವುದೆಂದರೆ ನನಗೆ ಮೂರು ನಿಮಿಷದ ಕೆಲಸ. ಅವಳು ಬಾಗಿಲು ಕಿತ್ತುಬರುವಂತೆ ಎಳೆದು, ನನ್ನ ಎರಡೂ ರೆಟ್ಟೆ ಹಿಡಿದು ಜಗ್ಗಿದಳು. ನಾನು ಹುರುಳಿಯ ಮೇಲೆ ಅಂಗಾತ ಬಿದ್ದೆ. ಹೆಂಗಸರು ಕೊಡದ ನೀರು ಸುರಿದರು, ನೀರು ಮುಗಿದ ಮೇಲೆ ಬುತ್ತಿಗೆ ತಂದಿದ್ದ ಮಜ್ಜಿಗೆಯನ್ನೂ ಸುರಿದರು. ಬೆಂಕಿ ಆರಿತು. ಅಷ್ಟು ಹೆದರಿಕೆ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ. ಯಜಮಾನರಿಗೆ ಫೋನ್ ಮಾಡಿದೆ. ಅವರು ಬರುವವರೆಗೆ ಹುಣಸೆ ಮರದ ಕೆಳಗೆ ಕೂತು ಆ ಮಾತನ್ನು ಮನಸ್ಸಿನಲ್ಲೇ ಹೇಳಿ ಅಭ್ಯಾಸ ಮಾಡಿದೆ. ತಪ್ ಮಾಡ್ಬುಟ್ಟೆ ಕಣ್ರೀ. ಸೋತಿದ್ದೆ. ಹೇಳಿ ಮುಗಿಸಿಬಿಡೋಣ ಎನ್ನಿಸಿತ್ತು.

ಸ್ಕೂಟರಿನಲ್ಲಿ ಬಂದ ಅವರು ಮೊದಲು ನನ್ನ ತಲೆಯಲ್ಲಿದ್ದ ಹುಲ್ಲು ತೆಗೆದರು. ಮತ್ತೆ ರಸ್ತೆ ಮೇಲೆ ಮಲಗಿ ಕಾರಿನ ಹೊಟ್ಟೆಯಿಂದ ಸುಟ್ಟ ಹುಲ್ಲೆಲ್ಲ ಎಳೆದು ಹಾಕಿದರು. ಹುಲ್ಲು ಬಿಟ್ಟು ಬೇರೇನೂ ಸುಟ್ಟಿರಲಿಲ್ಲ. "ಓಡ್ತದಾ ನೋಡಣ" ಎಂದು ಸ್ಕೂಟರನ್ನು ಹೆಂಗಸರ ಸುಪರ್ದಿಗೆ ಬಿಟ್ಟು, ತಾವೇ ಸ್ಟೇರಿಂಗ್ ಹಿಡಿದು ಕೂತರು. ಆ ಕಾರಿನಲ್ಲಿ ಅವರು ಕೂತದ್ದು ಅದೇ ಮೊದಲು.

ನಾಲೆಯ ಪಕ್ಕ ಒಂದು ಕಡೆ ರಸ್ತೆ ನೆಟ್ಟಗೆ ಹೋಗುತ್ತದೆ. ಹಂಪಿಲ್ಲ, ಊರಿಲ್ಲ. ಅಲ್ಲಿ ಅವರು ಕಾಲು ಒತ್ತಿದರು. ನಾನು ಮೂರು ತಿಂಗಳು ಎತ್ತಿನಗಾಡಿಯಂತೆ ಓಡಿಸಿದ್ದ ಕಾರು ಒಮ್ಮೆಲೇ ಗುಡುಗಿತು. ನಾನು ಸೆರಗು ಹಿಡಿದುಕೊಂಡು, ಗಂಟಲು ಸರಿಮಾಡಿಕೊಂಡು, "ರೀ, ನಾನು ತಪ್ಪು..." ಎಂದು ಶುರು ಮಾಡಿದೆ.

"ಸುಮ್ನಿರು, ಸೌಂಡ್ ಕೇಳು" ಎಂದರು.

ಮದುವೆಯಲ್ಲಿ ತಾಳಿ ಕಟ್ಟುವಾಗಲೂ ಆ ಮುಖದಲ್ಲಿ ನಾನು ಅಂಥ ಕಳೆ ಕಂಡಿರಲಿಲ್ಲ.

ಮಾರನೆಯ ದಿನ ನಾನು ಏಳುವಷ್ಟರಲ್ಲಿ ಕಾರು ಇರಲಿಲ್ಲ. ಚಿಕ್ಕಯ್ಯನಛತ್ರದ ಕಡೆ ಅಳತೆಗೆ ಹೋಗಿತ್ತು. ಅದರ ಮಾರನೆಯ ದಿನವೂ ಹಾಗೇ. ಕೆಂಪು ಕಾರಿನಿಂದ ಸರ್ವೆಯರ್ ಇಳಿಯುವುದನ್ನು ನೋಡಿ ಜಗಳವಾಡುತ್ತಿದ್ದ ಅಣ್ಣತಮ್ಮಂದಿರು ಜಗಳ ಮರೆತು ನಿಂತರಂತೆ. ದಾರಿಯ ಒಂದೊಂದು ಹಂಪನ್ನೂ ಅಳೆದು, ಯಾವುದಕ್ಕೆ ಎಷ್ಟು ಓರೆ ಎಂದು ಚೀಟಿ ಬರೆದು ಅವರು ಗ್ಲಾಸಿಗೆ ಅಂಟಿಸಿದರು. ಮೊದಲು "ನಿನ್ ಕಾರು" ಎನ್ನುತ್ತಿದ್ದರು. ವಾರದಲ್ಲಿ ಅದು "ನಮ್ ಕಾರು" ಆಯಿತು. ನಾನು ಮತ್ತೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೆ. ಸೊಂಟಕ್ಕೆ ಹಾಯೆನಿಸಿತು, ಸುಳ್ಳು ಹೇಳಬಾರದು. ಆದರೆ ಕಿಟಕಿಯಾಚೆ ಕೆಂಪನೆಯದು ಏನು ಕಂಡರೂ ಬಗ್ಗಿ ನೋಡುತ್ತಿದ್ದೆ.

ಹುಲ್ಲಹಳ್ಳಿ ಹತ್ತಿರದ ಊರಲ್ಲಿ ಅವರ ಅಕ್ಕನ ಮನೆಯ ಗೃಹಪ್ರವೇಶ. ಊಟವಾದ ಮೇಲೆ ನೆಂಟರೆಲ್ಲ ಎಲೆಅಡಿಕೆ ಹಾಕಿಕೊಂಡು ಕಾರಿನ ಸುತ್ತ ನೆರೆದಿದ್ದರು. ನಾನು ತಾಂಬೂಲದ ತಟ್ಟೆ ಹಿಡಿದು ಆ ಕಡೆ ಹೋದೆ.

"ಯಾರ್ ಸೆಲೆಕ್ಸನ್ ಬಾವಾ?" ಎಂದು ಯಾರೋ ಕೇಳಿದರು.

"ಇನ್ಯಾರ್ದು? ನಂದೇ" ಎಂದರು ನಮ್ಮ ಯಜಮಾನರು. "ಇವ್ಳು ಎತ್ತರದ್ದು ಬಿಳೀದು ತಗಳಣ ಅಂತಿದ್ಲು. ನಾನೇ ಅಳ್ದು ನೋಡಿ ಇದ್ನ ತಗಂಡೆ."

ಜೀವಮಾನವಿಡೀ ಜನರ ಒತ್ತುವರಿ ಬಿಡಿಸಿದ ಮನುಷ್ಯ ಹಾಡಹಗಲಲ್ಲಿ, ನಗುನಗುತ್ತಾ, ನನ್ನದಾಗಿದ್ದ ಒಂದೇ ಒಂದನ್ನು ತನ್ನ ಹೆಸರಿಗೆ ಬರೆದುಕೊಂಡಿದ್ದ. ಸಿಟ್ಟಿಗೆ ಕಣ್ಣು ಕತ್ತಲೆ ಬಂತು. ತಟ್ಟೆಯನ್ನು ಕಾರಿನ ಮೇಲೆ ಇಟ್ಟೆ.

"ಸುಳ್ಳು" ಎಂದೆ. ದೊಡ್ಡ ತರಗತಿಗೆ ಪಾಠ ಮಾಡಿದ ಗಂಟಲು, ಅಡುಗೆಮನೆಯ ತನಕ ಕೇಳಿಸಿರಬೇಕು. "ಈ ಕಾರು ತಗೊಂಡು ತಪ್ಪು ಮಾಡಿದ್ದು ನಾನು. ಶುದ್ಧ ತಪ್ಪು. ಸೊಂಟ ಹೋಯ್ತು, ಸೀರೆ ಹೋಯ್ತು, ಬೆಂಕಿನೂ ಬಿತ್ತು. ಯಾರನ್ನೂ ಕೇಳದೆ, ಯಾವ ಟೇಪೂ ಹಿಡೀದೆ, ನಾನೊಬ್ಬಳೇ ಮಾಡಿದ ತಪ್ಪು. ಅದ್ರಲ್ಲಿ ಇವ್ರಿಗೆ ಒಂದಂಗುಲನೂ ಪಾಲಿಲ್ಲ."

ನೆಂಟರು ಅಗಿಯುವುದನ್ನು ನಿಲ್ಲಿಸಿದರು. ಯುಗಾದಿಗೆ ಇನ್ನೂ ಹತ್ತು ದಿನವಿತ್ತು. ಅವರು ಕಾದು ಕೂತಿದ್ದ ಮಾತು ಅವಧಿಗೆ ಮುಂಚೆಯೇ, ಹತ್ತು ಜನರೆದುರು, ನನ್ನ ಬಾಯಿಂದಲೇ ಬಂದಿತ್ತು. ಪಾಪ, ಗೆದ್ದ ಖುಷಿ ಪಡುವುದಕ್ಕೂ ಅವರಿಗೆ ಆಗಲಿಲ್ಲ. ನಾನು ಕೈ ಚಾಚಿದೆ. ಅವರು ಜೇಬಿನಿಂದ ಕೀ ತೆಗೆದು ಕೊಟ್ಟರು.

ಈಗ ದಿನಾ ನಾನೇ ಓಡಿಸುತ್ತೇನೆ. ಅವರ ಚೀಟಿಗಳನ್ನು ಕಿತ್ತುಹಾಕಿದ್ದೇನೆ, ಹಾಗಾಗಿ ಹೊಟ್ಟೆ ಇನ್ನೂ ಉಜ್ಜುತ್ತದೆ. ಬಾಮನ್ನು ಈಗ ಹಜಾರದಲ್ಲೇ ಕೂತು ಹಚ್ಚಿಕೊಳ್ಳುತ್ತೇನೆ. ಮಾರಿಬಿಡೋಣ ಎಂದು ವಾರಕ್ಕೆ ನಾಲ್ಕು ದಿನ ಅನ್ನಿಸುತ್ತದೆ. ಮಾರುವ ದಿನ ಬಂದರೆ ನಾನೇ ಮಾರುತ್ತೇನೆ.