ರಾಣಿಯ ಸ್ನಾನದ ತೊಟ್ಟಿ

ನನ್ನ ಭಾವ ಕಡಲತೀರದ ಈ ಊರಿನ ಗೈಡು. ಊರಿನ ಇತಿಹಾಸವೆಲ್ಲ ಅವನ ನಾಲಿಗೆಯ ತುದಿಯಲ್ಲಿದೆ ಎಂದು ಪ್ರವಾಸಿಗರು ಹೊಗಳುತ್ತಾರೆ. ಅಲ್ಲಿ ಬಿಟ್ಟರೆ ಅದು ಬೇರೆಲ್ಲೂ ಇಲ್ಲ. ನಿಜಕ್ಕೂ ಇದು ಮೀನು ಹಿಡಿಯುವವರ ಊರು. ಯಾರೋ ಡಾಕ್ಟರು ಇಲ್ಲಿಯ ಗಾಳಿ ಎದೆಗೆ ಒಳ್ಳೆಯದೆಂದ, ಕೆಮ್ಮುವವರು ಬಂದರು, ಅವರ ಬೆನ್ನಿಗೆ ಹೋಟೆಲು, ಐಸ್‌ಕ್ರೀಮು, ಬಾಡಿಗೆ ಕುರ್ಚಿ ಬಂದವು. ಇಷ್ಟನ್ನು ಕೇಳಲು ಯಾರು ಬರುತ್ತಾರೆ? ಭಾವ ಒಬ್ಬ ರಾಣಿಯನ್ನು ಹುಟ್ಟಿಸಿದ.

ರಾಣಿಗೆ ಸ್ನಾನಕ್ಕೊಂದು ಜಾಗ ಬೇಕಲ್ಲ. ಬಂದರಿನ ಜಾಗದಲ್ಲಿ ನಮ್ಮಜ್ಜ ಕಟ್ಟಿಕೊಂಡಿದ್ದ ಕಲ್ಲಿನ ಶೆಡ್ಡಿತ್ತು. ಅದರ ತೊಟ್ಟಿಗಳಲ್ಲಿ ನನ್ನ ಅಕ್ಕ ಮೀನಿಗೆ ಉಪ್ಪು ಹಾಕುತ್ತಿದ್ದಳು. ಅವರ ಮನೆ ನಡೆಯುತ್ತಿದ್ದದ್ದೂ ಭಾವನ ಅಂಗಿಗೆ ಇಸ್ತ್ರಿ ಬೀಳುತ್ತಿದ್ದದ್ದೂ ಅದರಿಂದಲೇ. ಅಕ್ಕ ಊಟಕ್ಕೆ ಹೋದ ಹೊತ್ತು ನೋಡಿ ಅವನು ಜನರನ್ನು ಕರೆತಂದು, ರಾಣಿ ಮೀಯುತ್ತಿದ್ದದ್ದು ಇಲ್ಲೇ ಎನ್ನುತ್ತಿದ್ದ. ಈ ನಾತವೇನು ಎಂದು ಕೇಳಿದರೆ, ಅವಳು ಕಡಲಪಾಚಿ ಹಚ್ಚಿಕೊಂಡು ಮೀಯುತ್ತಿದ್ದಳಂತೆ, ಚರ್ಮಕ್ಕೆ ಒಳ್ಳೆಯದಂತೆ. ಓದಿದವರೂ ತಲೆದೂಗುತ್ತಿದ್ದರು.

ಕೊನೆಗೆ ಪುರಸಭೆಯೂ ನಂಬಿತು. ಶೆಡ್ಡನ್ನು ಸ್ಮಾರಕ ಮಾಡುತ್ತೇವೆ, ಮೀನಿನ ಕೆಲಸ ಎತ್ತಿಕೊಂಡು ಹೋಗಿ, ತಕರಾರಿದ್ದರೆ ಸಭೆಗೆ ಬನ್ನಿ ಎಂದಿತು. ಅಕ್ಕ ಗಂಡನ ಎದುರು ಕೂತಳು.

"ರೀ, ಅದನ್ನ ಕಟ್ಟಿದ್ದು ನಮ್ಮಜ್ಜ ಅಂತ ನಿಮಗೆ ಗೊತ್ತು. ಸಭೇಲಿ ಅಷ್ಟು ಹೇಳಿ ಸಾಕು. ನಂಗೆ ಬೇರೆ ಕೆಲಸ ಬರಲ್ಲ."

ಅವನು ಆಗಲಿ ಎಂದ.

ಸಭೆಯಲ್ಲಿ ಅಧ್ಯಕ್ಷರು ಅವನನ್ನು ಇತಿಹಾಸಕಾರರು ಎಂದು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದರು. ಅಲ್ಲಿಗೆ ಮುಗಿಯಿತು. ಮಹಾನುಭಾವ ಎದ್ದು ನಿಂತು ರಾಣಿಗೆ ಹೊಸದಾಗಿ ಇಬ್ಬರು ಸಖಿಯರನ್ನೂ ಸೇರಿಸಿದ. ಅಕ್ಕನೂ ನಾನೂ ಅಜ್ಜನ ಮಾತೆತ್ತಿದರೆ, ಪಾಪ, ಓದುಬರಹ ಇಲ್ಲದವರು ಎಂದು ಅಧ್ಯಕ್ಷರು ನಕ್ಕರು. ಅವನೂ ನಕ್ಕ. ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು.

ಈಗ ಅಕ್ಕನಿಗೆ ಅಲ್ಲೇ ಗುಡಿಸುವ, ತೊಳೆಯುವ ಕೆಲಸ ಕೊಟ್ಟಿದ್ದಾರೆ. ಮೊನ್ನೆ ನಾನು ಹೋದಾಗ ಭಾವ ಒಂದು ಗುಂಪನ್ನು ಕರೆತಂದಿದ್ದ. ತೊಟ್ಟಿಯೊಳಗೆ ಬಗ್ಗಿ ಉಜ್ಜುತ್ತಿದ್ದವಳ ಕಡೆ ಕೈತೋರಿಸಿ, ಇವರದು ರಾಣಿಯ ದಾಸಿಯರ ವಂಶ ಎಂದ. ಫೋಟೊ ತೆಗೆಯುತ್ತಿದ್ದ ಹೆಂಗಸೊಬ್ಬಳು, ಇವರು ನಿಮಗೆ ಪರಿಚಯವೇ ಎಂದು ಕೇಳಿದಳು.

"ನೋಡಿದೀನಿ, ಮುಖಪರಿಚಯ ಅಷ್ಟೆ" ಎಂದ ನನ್ನ ಅಕ್ಕನ ಗಂಡ.