ಬದುವಿನ ಮೇಲೆ ಕಾಯುತ್ತಿದ್ದ ಸೆಲ್ಲುಗಳು

ರೇಡಿಯೋ ರಿಪೇರಿ ಮಾಡಿಕೊಂಡು ಬದುಕುವವನಿಗೆ ಒಂದು ಕೆಟ್ಟ ಅಭ್ಯಾಸ ಅಂಟಿಕೊಂಡುಬಿಡುತ್ತದೆ. ಯಾರು ಏನು ಹೇಳಿದರೂ ಮೊದಲು ಅನುಮಾನ. ಗಿರಾಕಿ ಬಂದು "ನಾನೇನೂ ಮುಟ್ಟಿಲ್ಲ ಕಣಣ್ಣ, ತಾನಾಗೇ ಕೆಟ್ಟೋಯ್ತು" ಅಂದರೆ, ಇದು ಇವರ ಮನೆಯ ನೀರಿನ ತೊಟ್ಟಿಗೆ ಬಿದ್ದು ಬಂದಿದೆ ಎಂದೇ ನನ್ನ ಲೆಕ್ಕ. ದೆವ್ವ, ಗಾಳಿ, ಸೋಂಕು ಅಂತ ಕಥೆ ಹೇಳುವವರನ್ನು ನೋಡಿ ನಗುತ್ತಿದ್ದೆ, ಅದೂ ಮುಖದ ಮುಂದೆಯೇ. ಕರೆಂಟಿಲ್ಲದೆ ಯಾವುದೂ ಸದ್ದು ಮಾಡುವುದಿಲ್ಲ, ಇದು ನನ್ನ ಸಿದ್ಧಾಂತ. ಈಗ ಹೇಳಹೊರಟಿರುವುದನ್ನು ಬೇರೆಯವರು ನನಗೆ ಹೇಳಿದ್ದರೆ ಖಂಡಿತ ನಂಬುತ್ತಿರಲಿಲ್ಲ. ಆದ್ದರಿಂದ ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಇಂಥವು ನಡೆಯುವುದಕ್ಕೆ ರಾತ್ರಿಯೇ ಆಗಬೇಕು ಅನ್ನುತ್ತಾರೆ. ಇದು ನಡೆದದ್ದು ಸುಡುವ ಬಿಸಿಲಿನಲ್ಲಿ, ನಾಲ್ಕು ಜನರ ಎದುರಿಗೆ.

ತೊಂಬತ್ತರ ದಶಕದ ನಡುವಿನ ಮಾತು. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಾನು ಸ್ವಂತ ಅಂಗಡಿ ತೆರೆದ ವರ್ಷ. ನನ್ನ ತಂಗಿ ಸುನಂದಳನ್ನು ನಾಗಮಂಗಲ ತಾಲ್ಲೂಕಿನಲ್ಲಿ, ಬೆಳ್ಳೂರಿನಿಂದ ಒಳಕ್ಕೆ ಹೋಗುವ ಒಂದು ಊರಿಗೆ ಕೊಟ್ಟಿದ್ದೆವು. ಹೊಲ, ತೋಟ, ಕರಾವು ಎಲ್ಲ ಇದ್ದ ಮನೆ. ಗಂಡ ಶಿವಣ್ಣ ಒಳ್ಳೆಯವನೇ, ಆದರೆ ತಾಯಿಯ ಎದುರಿಗೆ ಬಾಯಿ ಬಿಡುವವನಲ್ಲ. ತಾಯಿ ನಿಂಗಮ್ಮನವರು ಬಾಯಿ ಬಿಟ್ಟರೆ ಮುಚ್ಚುವವರಲ್ಲ.

ಯುಗಾದಿಗೆ ನಮ್ಮ ಕಡೆ ಹೊನ್ನಾರು ಹೂಡುತ್ತಾರೆ, ವರ್ಷದ ಮೊದಲ ಉಳುಮೆ. ಎತ್ತು ನೇಗಿಲಿಗೆ ಪೂಜೆ ಮಾಡಿ, ಹೊಲದಲ್ಲಿ ಶಾಸ್ತ್ರಕ್ಕೆ ನಾಲ್ಕು ಸಾಲು ಉತ್ತು ಬರುವುದು. ಸುನಂದಳ ಅತ್ತೆಮನೆಯಲ್ಲಿ ಈ ಶಾಸ್ತ್ರಕ್ಕೆ ಇನ್ನೊಂದು ಬಾಲ ಸೇರಿಕೊಂಡಿತ್ತು. ಮನೆಯ ಸೊಸೆ ತನ್ನ ಚಿನ್ನದ ಬಳೆಯೊಂದನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಹಾಕಿ, ನೊಗಕ್ಕೆ ತಾನೇ ಕಟ್ಟಬೇಕು. ಉತ್ತು ಬಂದ ಮೇಲೆ ತಾನೇ ಬಿಚ್ಚಿ ತೊಟ್ಟುಕೊಳ್ಳಬೇಕು. ಗಂಟು ಕಟ್ಟುವಾಗ ಬೇರೆಯವರು ನೋಡಬಾರದಂತೆ. ಆ ವರ್ಷ ಎತ್ತುಗಳು ಮನೆಗೆ ಬಂದಾಗ ನೊಗದಲ್ಲಿ ಬಟ್ಟೆ ಜೋತಾಡುತ್ತಿತ್ತು. ಬಳೆ ಇರಲಿಲ್ಲ.

ಎಲ್ಲರೂ ಹೊಲಕ್ಕೆ ಓಡಿ, ಹೆಂಟೆ ಒಡೆದು ಹುಡುಕಿದರು. ಸಿಗಲಿಲ್ಲ. ಸಂಜೆಗೆ ನಿಂಗಮ್ಮನವರು ತೀರ್ಪು ಕೊಟ್ಟಾಗಿತ್ತು. "ಖಾಲಿ ಗಂಟು ಕಟ್ಟವ್ಳೆ ಕಣ್ರಪ್ಪಾ ಇವ್ಳು. ಬಳೆ ಅವ್ಳಣ್ಣನ ಅಂಗ್ಡಿಗೆ ಓಗೈತೆ." ನಾನು ಅಂಗಡಿ ತೆರೆದದ್ದೂ ಅದೇ ತಿಂಗಳಾದ್ದರಿಂದ ಆ ಮಾತು ಊರಿಗೆಲ್ಲ ಹಿಡಿಸಿತು. ಬಳೆ ನಾವೇ ಮದುವೆಯಲ್ಲಿ ಹಾಕಿದ್ದು ಎಂಬುದು ಯಾರಿಗೂ ನೆನಪಿರಲಿಲ್ಲ! ರಾಗಿ ಬಿತ್ತನೆಯೊಳಗೆ ಬಳೆ ಬರದಿದ್ದರೆ ಸುನಂದ ತೌರಿಗೆ ಹೋಗಬೇಕು, ಕಳ್ಳಿಯ ಕೈಯಲ್ಲಿ ಬಿತ್ತನೆ ಬೀಜ ಮುಟ್ಟಿಸುವುದಿಲ್ಲ ಎಂದು ಆಯಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟರು. ಆ ಹೊಲಕ್ಕೆ ಮತ್ತೆ ನೇಗಿಲು ಇಳಿಸದಂತೆ ಮಗನಿಗೆ ಅಪ್ಪಣೆಯೂ ಆಯಿತು.

ನನಗೆ ಎಲ್ಲರ ಮೇಲೂ ಅನುಮಾನ. ನಿಂಗಮ್ಮನವರೇ ಎಗರಿಸಿ ನಾಟಕ ಆಡುತ್ತಿದ್ದಾರೆ ಅಂತ ಒಂದು ದಿನ, ಶಿವಣ್ಣ ಇಸ್ಪೀಟಿಗೆ ಇಟ್ಟಿದ್ದಾನೆ ಅಂತ ಮರುದಿನ. ಮುಚ್ಚುಮರೆ ಯಾಕೆ, ಸುನಂದಳ ಮೇಲೂ ಒಂದು ಎಳೆ ಇತ್ತು. ಆದರೂ ತಂಗಿ ತಂಗಿಯೇ. ಅವಳನ್ನು ಹಾಗೆ ಕಳಿಸಿಬಿಟ್ಟರೆ ನಮ್ಮವ್ವ ಬದುಕುತ್ತಿರಲಿಲ್ಲ.

ಲೋಹ ಹುಡುಕುವ ಮಿಷಿನ್ನಿನ ವಿಚಾರ ನನ್ನ ತಲೆಗೆ ಬಂದದ್ದು ಆಗ. ಒಂದು ಹಳೆಯ ಪತ್ರಿಕೆಯಲ್ಲಿದ್ದ ಸರ್ಕ್ಯೂಟು ನೋಡಿಕೊಂಡು, ಬಕೆಟ್ಟಿನ ಮುಚ್ಚಳಕ್ಕೆ ತಂತಿ ಸುತ್ತಿ ನಾನೇ ಒಂದನ್ನು ಮಾಡಿದೆ. ಅಂಗಡಿಯ ನೆಲದ ಮೇಲೆ ಚೆನ್ನಾಗಿಯೇ ಕೆಲಸ ಮಾಡಿತು. ಹೊಲಕ್ಕೆ ಒಯ್ದರೆ ಎಲ್ಲಿ ಇಟ್ಟರೂ ಹಸುಗೂಸಿನಂತೆ ಒಂದೇ ಸಮ ಅರಚುತ್ತದೆ. ಒಡೆದ ಸ್ಪೀಕರಿನ ಅಯಸ್ಕಾಂತವನ್ನು ಆ ಕೆಂಪು ಮಣ್ಣಿನಲ್ಲಿ ಎಳೆದು ನೋಡಿದೆ. ಗಡ್ಡ ಬಂದ ಹಾಗೆ ಕಪ್ಪು ಮರಳು ಅಂಟಿಕೊಂಡು ಬಂತು. ಮಣ್ಣೇ ಅರ್ಧ ಕಬ್ಬಿಣ! ನನ್ನ ಮಿಷಿನ್ನು ಬಳೆಯನ್ನಲ್ಲ, ಹೊಲವನ್ನೇ ಕಂಡು ಕೂಗುತ್ತಿತ್ತು.

ಶ್ರೀರಂಗಪಟ್ಟಣದಲ್ಲಿ ಹಳೇ ಸಾಮಾನಿನ ವ್ಯಾಪಾರಿಯೊಬ್ಬರು ಇಂಥ ವಿದೇಶಿ ಮಿಷಿನ್ನುಗಳನ್ನು ಬಾಡಿಗೆಗೆ ಕೊಡುತ್ತಾರೆ ಎಂದು ಯಾರೋ ಹೇಳಿದರು. ಯಾರಿಗೆ, ಯಾತಕ್ಕೆ ಕೊಡುತ್ತಾರೆ ಎಂದು ನಾನು ಕೇಳಲಿಲ್ಲ, ಅವರೂ ಹೇಳುವ ಪೈಕಿಯಲ್ಲ. ಹೋಗುವ ಮುಂಚೆ ಒಂದು ಬುದ್ಧಿವಂತಿಕೆ ಮಾಡಿದೆ. ಅಲ್ಲಿಯದು ಹೊಳೆ ದಂಡೆಯ ಸಾಧು ಮಣ್ಣು, ಅದರಲ್ಲಿ ಎಂಥ ಮಿಷಿನ್ನೂ ಗೆಲ್ಲುತ್ತದೆ. ಆದ್ದರಿಂದ ಸುನಂದಳ ಹೊಲದ ಮಣ್ಣನ್ನೇ ಒಂದು ಸಿಮೆಂಟು ಚೀಲದಲ್ಲಿ ತುಂಬಿಕೊಂಡು ಬಸ್ಸು ಹತ್ತಿದೆ.

"ಏನಣ್ಣ ಇದು, ಗೊಬ್ಬರವಾ?" ಅಂದ ಕಂಡಕ್ಟರ್.

"ಮಣ್ಣು" ಅಂದೆ.

"ಯಾಕೆ, ಶ್ರೀರಂಗಪಟ್ಣದಲ್ಲಿ ಮಣ್ಣು ಖಾಲಿಯಾಗೈತಾ?"

ಬಸ್ಸೆಲ್ಲ ನಕ್ಕಿತು. ಆದರೆ ಪಕ್ಕದಲ್ಲಿ ಕೂತಿದ್ದ ಅಜ್ಜಿ ನಗಲಿಲ್ಲ. ಮಣ್ಣು ಹೊತ್ತುಕೊಂಡು ಊರೂರು ತಿರುಗುವವನು ಮಾಟದವನೇ ಇರಬೇಕೆಂದು ಕಾಲನ್ನು ಸೀಟಿನ ಮೇಲೆ ಎಳೆದುಕೊಂಡು ಕೂತಳು. ಪಾಂಡವಪುರ ಬಂದದ್ದೇ ಎದ್ದು ಬೇರೆ ಸೀಟಿಗೆ ಹೋದಳು.

ವ್ಯಾಪಾರಿ ಮೂರು ಮಿಷಿನ್ನು ತೋರಿಸಿದರು. ತಮ್ಮ ಹಿತ್ತಲಲ್ಲಿ ಒಂದು ನಾಣ್ಯ ಹೂತು, ಬಣ್ಣದ ದೀಪ ಮಿನುಗುವ ಒಂದನ್ನು ಹಿಡಿದು ಪೂಂ ಅನ್ನಿಸಿ, "ಇದನ್ನ ತಗೊಂಡೋಗಿ, ಕಣ್ಮುಚ್ಕಂಡು ಉಡ್ಕ್‌ಬೋದು" ಅಂದರು. ನಾನು ಚೀಲ ಸುರಿದೆ. ನನ್ನ ಉಂಗುರವನ್ನೂ, ಎತ್ತಿನ ಲಾಳದ ಮೊಳೆಗಳನ್ನೂ ಆ ಗುಡ್ಡೆಯಲ್ಲಿ ಹುದುಗಿಸಿ, ಈಗ ಆಡಿಸಿ ಅಂದೆ. ದೀಪದ ಮಿಷಿನ್ನಿಗೆ ಹುಚ್ಚು ಹಿಡಿಯಿತು. ಎರಡನೆಯದು ಭಾರದ್ದು, ಮಣ್ಣಿಗೆ ಒಂದಿಷ್ಟೂ ಬೆದರಲಿಲ್ಲ. ಆದರೆ ಅದಕ್ಕೆ ಚಿನ್ನವೂ ಒಂದೇ, ಲಾಳವೂ ಒಂದೇ. ಎತ್ತು ತಿರುಗಾಡುವ ಹೊಲದಲ್ಲಿ ಅದನ್ನು ನಂಬಿದರೆ ವರ್ಷವಿಡೀ ಮೊಳೆ ಅಗೆಯುತ್ತಿರಬೇಕು. ಮೂರನೆಯದು ನೋಡಲು ದರಿದ್ರದ್ದು, ಹಿಡಿಗೆ ಟೇಪು ಸುತ್ತಿತ್ತು. ಅದರಲ್ಲಿ ಮಣ್ಣಿಗೆ ಹೊಂದಿಸುವ ಒಂದು ತಿರುಪು ಇತ್ತು. ನೆಲದ ಮೇಲೆ ಎತ್ತಿ ಇಳಿಸುತ್ತಾ ತಿರುಪನ್ನು ತಿರುಗಿಸಿದರೆ ಒಂದು ಕಡೆ ಮಣ್ಣಿನ ಸದ್ದು ಸತ್ತುಹೋಗುತ್ತದೆ. ಆಮೇಲೆ ಮೊಳೆಗೆ ಗೊರ್ ಅನ್ನುತ್ತದೆ, ಉಂಗುರಕ್ಕೆ ಸಣ್ಣಗೆ, ಸ್ಪಷ್ಟವಾಗಿ ಕುಯ್ ಅನ್ನುತ್ತದೆ. ಅದನ್ನೇ ಆರಿಸಿಕೊಂಡೆ. ವ್ಯಾಪಾರಿ ನನ್ನ ಚೀಲವನ್ನೂ ನನ್ನನ್ನೂ ನೋಡಿ, "ನಿಮ್ಗೆಲ್ಲೋ ನಿಧಿ ಗೊತ್ತಾಗೈತೆ ಬುಡಿ" ಅಂದರು.

ಮಾರನೆಯ ದಿನ ಬೆಳಿಗ್ಗೆ ಹೊಲಕ್ಕೆ ಇಳಿಯುವ ಮೊದಲು ನಿಂಗಮ್ಮನವರು ನನ್ನ ಜೇಬು ತೋರಿಸು ಅಂದರು. ಬಳೆ ತಂದು ಮಣ್ಣಿಗೆ ಹಾಕಿ ಸಿಕ್ಕಿತು ಅಂದುಬಿಟ್ಟರೆ ಅಂತ! ರೇಗಿಹೋಯಿತು. ಸುನಂದಳ ಮುಖ ನೋಡಿ ಸುಮ್ಮನೆ ಜೇಬು ಹೊರಗೆಳೆದು ತೋರಿಸಿದೆ. ಆಯಮ್ಮ ಬದುವಿನ ಮೇಲೆ ಛತ್ರಿ ಹಿಡಿದು ಕೂತರು. ಕಣ್ಣೆಲ್ಲ ನನ್ನ ಕೈ ಮೇಲೆ.

ಉತ್ತ ಸಾಲುಗಳನ್ನು ಅಂಗುಲ ಬಿಡದೆ ಜಾಲಾಡಿದೆ. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಗೊರ್ ಗೊರ್ ಬಿಟ್ಟರೆ ಬೇರೆ ಸದ್ದಿಲ್ಲ. ಶಿವಣ್ಣ ಅಗೆದು ಅಗೆದು ಮೊಳೆ, ಮುರಿದ ನೇಗಿಲ ಗುಳದ ಚೂರು ತೆಗೆದು ಗುಡ್ಡೆ ಹಾಕಿದ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಸೆಲ್ಲು ಸೋತು ಸದ್ದೇ ನಿಂತಿತು. ಹೊಸ ಸೆಲ್ಲು ಬೇಕೆಂದರೆ ಬೆಳ್ಳೂರಿಗೆ ಹೋಗಬೇಕು. ಆಗ ನಾವೆಲ್ಲ ಮಾಡುತ್ತಿದ್ದ ಉಪಾಯವನ್ನೇ ಮಾಡಿದೆ. ಮಿಷಿನ್ನಿನ ಸೆಲ್ಲಿನ ಡಬ್ಬಿಯ ಮುಚ್ಚಳ ತೆಗೆದು, ಸೆಲ್ಲುಗಳನ್ನೆಲ್ಲ ಹೊರಕ್ಕೆ ಉರುಳಿಸಿ, ಬದುವಿನ ಮೇಲೆ ಬಿಸಿಲಿಗೆ ಸಾಲಾಗಿ ಇಟ್ಟೆ. ಚೆನ್ನಾಗಿ ಕಾದರೆ ಇನ್ನೊಂದಷ್ಟು ಹೊತ್ತು ದುಡಿಯುತ್ತವೆ.

ಸುನಂದ ಮಜ್ಜಿಗೆ ತಂದಿದ್ದಳು. ಕುಡಿದು, ಮಿಷಿನ್ನು ಬಿಸಿಲಿನಲ್ಲಿ ಯಾಕೆ ಬಿದ್ದಿರಬೇಕು ಎಂದು ಎತ್ತಿಕೊಂಡು ಬೇವಿನ ಮರದ ಕಡೆ ನಡೆದೆ. ಆ ಮರ ಸಾಲುಗಳು ತಿರುಗುವ ಕೊನೆಯಲ್ಲಿ, ಹಳೆಯ ಬದುವಿನ ಮೇಲಿತ್ತು. ಹೆಡ್‌ಫೋನು ಕತ್ತಿನಲ್ಲಿ ನೇತಾಡುತ್ತಿತ್ತು. ಮರದ ನೆರಳಿಗೆ ಕಾಲಿಟ್ಟೆ.

ಕುಯ್ ಅಂತು.

ಮೊದಲು ನನ್ನ ಕಿವಿಯೇ ಅಂದುಕೊಂಡೆ. ಒಂದು ಹೆಜ್ಜೆ ಹಿಂದೆ ಬಂದೆ, ನಿಂತಿತು. ಮುಂದೆ ಹೋದೆ, ಮತ್ತೆ ಅದೇ ಸಣ್ಣ, ಸ್ಪಷ್ಟ ಸದ್ದು. ಸೆಲ್ಲಿನ ಡಬ್ಬಿಗೆ ಬೆರಳು ಹಾಕಿ ನೋಡಿದೆ. ಖಾಲಿ. ಅನುಮಾನ ಹೋಗದೆ ಏನೂ ಹೇಳದೆ ಸುನಂದಳನ್ನು ಕರೆದು ಹೆಡ್‌ಫೋನು ಅವಳ ಕಿವಿಗೆ ಇಟ್ಟೆ.

"ಕುಯ್ ಅಂತೈತೆ ಕಣಣ್ಣ. ಸಿಕ್ತಾ?" ಅಂದಳು, ಮುಖವೆಲ್ಲ ಅರಳಿತ್ತು.

ನಾನು ಬದುವಿನ ಕಡೆ ಕೈ ತೋರಿಸಿದೆ. ಅವಳು ಬಿಸಿಲಿನಲ್ಲಿ ಸಾಲಾಗಿ ಮಲಗಿದ್ದ ಸೆಲ್ಲುಗಳನ್ನು ನೋಡಿದಳು, ಬಾಯಿ ತೆರೆದುಕೊಂಡಿದ್ದ ಡಬ್ಬಿಯನ್ನು ನೋಡಿದಳು. ಹೆಡ್‌ಫೋನು ಕಿತ್ತು ನನ್ನ ಕೈಗೆ ಹಾಕಿ ದೂರ ಸರಿದಳು.

ನನಗೆ ಗೊತ್ತು, ನಿಮ್ಮಲ್ಲಿ ಕೆಲವರು ಕಾರಣ ಹುಡುಕುತ್ತಿದ್ದೀರಿ. ನಾನೂ ಹುಡುಕಿದೆ. ಒಳಗೆ ಉಳಿದ ಚಾರ್ಜು ಅಂದರೆ ಅದು ಹೆಚ್ಚೆಂದರೆ ಒಂದು ಉಸಿರಿನಷ್ಟು ಹೊತ್ತು. ನಾವು ಮಜ್ಜಿಗೆ ಕುಡಿದು ಮುಗಿಸಿದ್ದೆವು. ಸೆಲ್ಲಿಲ್ಲದೆ ಹಾಡುವ ರೇಡಿಯೋ ಇದೆ, ನಾನೇ ಮಾಡಿದ್ದೇನೆ. ಆದರೆ ಅದು ಒಂದು ಹೆಜ್ಜೆ ಹಿಂದಿಟ್ಟರೆ ಬಾಯಿ ಮುಚ್ಚುವುದಿಲ್ಲ.

ಶಿವಣ್ಣನಿಗೆ ಸೆಲ್ಲಿನ ಮಾತು ಹೇಳದೆ ಇಲ್ಲಿ ಅಗಿ ಅಂದೆ. ವರ್ಷ ವರ್ಷ ಮಣ್ಣು ಮೆತ್ತಿ ಎತ್ತರವಾದ ಬದು. ಮೊಳದುದ್ದ ಇಳಿಯುವಷ್ಟರಲ್ಲಿ ಗುದ್ದಲಿಗೆ ಬೇರು ತಗುಲಿತು. ಕೈಯಿಂದ ಮಣ್ಣು ಸರಿಸಿದ. ಬೇರಿನ ಮೇಲೆ ಹಳದಿ ಬಣ್ಣದ ಒಂದು ಗೆರೆ ಮಿಂಚಿತು.

"ಸಿಕ್ಕೇ ಸಿಗ್ತದೆ ಅಂತ ನಂಗೊತ್ತಿತ್ತು" ಎನ್ನುತ್ತಾ ನಿಂಗಮ್ಮನವರು ಛತ್ರಿ ಬಿಸಾಕಿ ಬಂದರು. "ಮೊದ್ಲೇ ಬಂದು ಊತಿಟ್ಟು ಇವತ್ತು..." ಅಲ್ಲಿಗೆ ಮಾತು ನಿಂತಿತು. ಬಳೆ ಬೇರಿನ ಮೇಲಿರಲಿಲ್ಲ. ಬಳೆಯೊಳಗಿಂದಲೇ ಬೇರು ಹಾದುಹೋಗಿತ್ತು. ಮುಂಗೈ ಗಾತ್ರದ ಬೇರು ಬಳೆಯ ಒಳಗೆ ಬೆಳೆದು, ಉಬ್ಬಿ, ಅದನ್ನು ಹಿಡಿದುಕೊಂಡಿತ್ತು. ಅದನ್ನು ಯಾರೂ ಮೊನ್ನೆ ಮೊನ್ನೆ ಹೂತಿರಲು ಸಾಧ್ಯವಿರಲಿಲ್ಲ.

ಅಷ್ಟೇ ಅಲ್ಲ. ಸುನಂದಳದ್ದು ನುಣುಪು ಬಳೆ. ಇದು ಹಗ್ಗದ ಹಾಗೆ ಹೊಸೆದ ಹಳೆಯ ಕಾಲದ್ದು.

ನಿಂಗಮ್ಮನವರು ಗುಂಡಿಯ ಅಂಚಿಗೆ ಕುಸಿದು ಕೂತರು. "ಪುಟ್ತಾಯಕ್ಕಂದು" ಅಂದರು. ಆ ಹೆಸರನ್ನು ನಾನು ಅವತ್ತೇ ಮೊದಲು ಕೇಳಿದ್ದು. ಪುಟ್ಟತಾಯಮ್ಮ ಆ ಮನೆಯ ಹಿರಿಸೊಸೆ, ಇವರ ಓರಗಿತ್ತಿ. ಶಿವಣ್ಣ ಹುಟ್ಟುವ ಮುಂಚೆ ಒಂದು ಹೊನ್ನಾರಿನಲ್ಲಿ ಆಕೆಯ ಬಳೆಯೂ ಹೀಗೆಯೇ ಕಾಣೆಯಾಯಿತಂತೆ. ತೌರಿಗೆ ಕಳಿಸಿದರಂತೆ. ಆಕೆ ಪಾಂಡವಪುರದ ಕಡೆ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದು, ಅಲ್ಲೇ ತೀರಿಕೊಂಡಳಂತೆ.

"ನಾನೇ ಅಂದಿದ್ದು ಕಣ್ಲಾ ಶಿವಣ್ಣ," ಅಂದರು ಆಯಮ್ಮ, ಯಾರನ್ನೂ ನೋಡದೆ. "ಖಾಲಿ ಗಂಟು ಕಟ್ಟವ್ಳೆ ಅಂತ ನಾನೇ ಅಂದಿದ್ದು."

ನನಗೆ ಆಗ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೆದರಿಕೆಯಾಯಿತು. ಶಿವಣ್ಣ ಮಚ್ಚಿನಿಂದ ಬೇರು ಕಡಿದು ಬಳೆ ಬಿಡಿಸಿಕೊಟ್ಟ. ನಿಂಗಮ್ಮನವರು ಉಳಿದ ಮಜ್ಜಿಗೆಯಲ್ಲಿ ಅದನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಸುನಂದಳ ಕೈಗೆ ಏರಿಸಿದರು. ಆ ವರ್ಷ ರಾಗಿ ಬಿತ್ತನೆಗೆ ಬೀಜದ ಕುಕ್ಕೆ ಹಿಡಿದವಳು ಸುನಂದಳೇ. ಆಮೇಲೆ ಆ ಮನೆಯಲ್ಲಿ ನೊಗಕ್ಕೆ ಅರಿಶಿನದ ಕೊಂಬು ಮಾತ್ರ ಕಟ್ಟುತ್ತಾರೆ.

ಮಿಷಿನ್ನು ಹಿಂತಿರುಗಿಸುವ ಮೊದಲು ಅಂಗಡಿಯಲ್ಲಿ ಅದನ್ನು ಬಿಚ್ಚಿ ಒಂದೊಂದು ತಂತಿಯನ್ನೂ ನೋಡಿದೆ. ವಿಶೇಷವೇನೂ ಇರಲಿಲ್ಲ. ಸೆಲ್ಲಿಲ್ಲದೆ ಉಂಗುರದ ಮೇಲೆ ಹಿಡಿದೆ, ನನ್ನವ್ವನ ಓಲೆಯ ಮೇಲೆ ಹಿಡಿದೆ. ಸದ್ದಿಲ್ಲ. ವ್ಯಾಪಾರಿಯನ್ನು ಕೇಳಿದರೆ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಿಕ್ಕಿದ್ದನ್ನ ಮುಚ್ಚಾಕಕ್ಕೆ ಇಂಥ ಕತೆ ಯಾಕ್ ಕಟ್ತೀರಾ?" ಅಂದರು. ಎಷ್ಟು ಹೇಳಿದರೂ ನಂಬಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಒಂದು ಮಾತು ಉಳಿದಿದೆ. ಬಳೆ ಸಿಕ್ಕಿದ ಮಾರನೆಯ ದಿನ ನಾನು ಬೆಳ್ಳೂರಿಗೆ ಹೋಗಿ ಹೊಸ ಸೆಲ್ಲು ತಂದಿದ್ದೆ. ನಿನ್ನ ಬಳೆಯೂ ಅಲ್ಲೇ ಎಲ್ಲೋ ಇರಬೇಕು, ಬಾ ಹುಡುಕೋಣ ಅಂದೆ. ಸುನಂದ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು, ತಿರುಗಿಯೂ ನೋಡಲಿಲ್ಲ.

"ಬ್ಯಾಡ ಬುಡಣ್ಣ. ಅವ್ರುದು ಅಲ್ಲಿತ್ತು ಅಂತ ತಾನೇ ನಾನು ಉಳ್ಕಂಡೆ? ನಂದು ಅಲ್ಲೇ ಇರ್ಲಿ. ಮುಂದೆ ಇನ್ಯಾವಳ್ಗೋ ಬೇಕಾಯ್ತದೆ."

ಅದು ತಿಳಿವಳಿಕೆಯ ಮಾತೋ, ಹುಡುಕಿದರೆ ಏನೂ ಸಿಗುವುದಿಲ್ಲ ಎಂದು ಗೊತ್ತಿದ್ದವಳ ಮಾತೋ, ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ. ಅವಳ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣು ತಾನಾಗಿ ಆ ಹೊಸೆದ ಬಳೆಯ ಮೇಲೆ ಹೋಗುತ್ತದೆ. ನಾನು ನೋಡುವುದನ್ನು ಅವಳು ನೋಡುತ್ತಾಳೆ. ಆಮೇಲೆ ಸೆರಗನ್ನು ಮುಂಗೈವರೆಗೆ ಎಳೆದುಕೊಂಡು, "ಕಾಪಿ ತತ್ತೀನಿ ಕುಂತ್ಕೊ" ಎಂದು ಒಳಕ್ಕೆ ಹೋಗುತ್ತಾಳೆ.