ಎರವಲು ಕೊಟ್ಟ ಕಣ್ಣುಗಳು

ಮೇಡಂ ದೇಶ ಆಳಿದ ಕಥೆಯನ್ನು ದಪ್ಪ ದಪ್ಪ ಪುಸ್ತಕ ಬರೆದವರು ಹೇಳಿಕೊಳ್ಳಲಿ, ನಮಗೇನು. ಅವರ ಕಣ್ಣಿನ ಕಥೆ ಮಾತ್ರ ಒಬ್ಬ ಪೇಂಟರ್‌ಗೆ ಸೇರಿದ್ದು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನದೊಂದು ಗೂಡಿನಂಥ ಅಂಗಡಿ ಇತ್ತು. ಅಂಗಡಿಗಳಿಗೆ ಬೋರ್ಡು, ಲಾರಿಗಳಿಗೆ ನಂಬರು, ಹಲ್ಲಿನ ಡಾಕ್ಟರ ಬಾಗಿಲಿಗೆ ಹಲ್ಲು, ಚುನಾವಣೆ ಬಂತೆಂದರೆ ಗೋಡೆಗಳಿಗೆ ಮುಖ. ಯಾವ ಪಕ್ಷ ಎಂದು ಅವನು ಎಂದೂ ಕೇಳಿದವನಲ್ಲ. “ಸೋಲೋರಿಗೂ ಮುಖ ಅಂತ ಒಂದು ಇರುತ್ತಲ್ಲ” ಎನ್ನುತ್ತಿದ್ದ.

ಮೇಡಂ ವಕೀಲಿಕೆ ಬಿಟ್ಟು ಮೊದಲ ಸಲ ಚುನಾವಣೆಗೆ ನಿಂತಾಗ ಪೇಂಟರ್‌ನ ಹೆಂಡತಿ ತೀರಿಕೊಂಡು ತಿಂಗಳೂ ತುಂಬಿರಲಿಲ್ಲ. ಹೆರಿಗೆಯಲ್ಲಿ ಮಗು ಉಳಿಯಿತು, ತಾಯಿ ಉಳಿಯಲಿಲ್ಲ. ಕೂಸನ್ನು ಅಕ್ಕನ ಮಡಿಲಿಗೆ ಹಾಕಿ ಅವನು ಏಣಿ ಹೊತ್ತುಕೊಂಡು ಕೆಲಸಕ್ಕೆ ಹೊರಟ. ಮನೆಯಲ್ಲಿ ಕೂತರೆ ತಲೆ ಕೆಡುತ್ತಿತ್ತು.

ನಿಲ್ದಾಣದ ಹಿಂದಿನ ದೊಡ್ಡ ಗೋಡೆಯ ಮೇಲೆ ಮೇಡಂ ಮುಖ ಬರೆಯಬೇಕಿತ್ತು. ಪಕ್ಷದ ಕಾರ್ಯದರ್ಶಿ ತಂದುಕೊಟ್ಟದ್ದು ಪತ್ರಿಕೆಯಿಂದ ಕತ್ತರಿಸಿದ ಫೋಟೋ. ಮೂಗು, ಬಾಯಿ, ಗದ್ದ ಎಲ್ಲ ಸರಿಯಾಗಿಯೇ ಇದ್ದವು. ಕಣ್ಣಿರಬೇಕಾದಲ್ಲಿ ಮಾತ್ರ ಅಚ್ಚಿನ ಮಸಿ ಕದಡಿ ಎರಡು ಕಪ್ಪು ಕಲೆಗಳಾಗಿದ್ದವು. ಫೋಟೋ ಮೇಲೆ ಸಣ್ಣ ಚೌಕಗಳನ್ನು ಎಳೆದು, ಗೋಡೆಯ ಮೇಲೆ ಅವೇ ಚೌಕಗಳನ್ನು ದೊಡ್ಡದಾಗಿ ಹಾಕಿ, ಒಂದೊಂದನ್ನೇ ನೋಡಿ ತುಂಬುತ್ತಾ ಹೋಗುವುದು ಆ ಕಸುಬಿನ ರೀತಿ. ಮುಖವೆಲ್ಲ ತುಂಬಿತು, ಕಣ್ಣಿನ ಚೌಕಗಳು ಖಾಲಿ ಉಳಿದವು.

“ಇನ್ನೊಂದು ಫೋಟೋ ಎಲ್ಲಿಂದ ತರ್ಲಿ? ಸಂಜೆ ಮೆರವಣಿಗೆ ಇದೆ. ಯಾವುದೋ ಎರಡು ಕಣ್ಣು ಹಾಕಿ ಮುಗಿಸಿ ಸ್ವಾಮಿ” ಎಂದು ಕಾರ್ಯದರ್ಶಿ ಗಡಿಬಿಡಿ ಮಾಡಿದ.

ಪೇಂಟರ್ ಹಾಕಿದ. ಅವನ ಕೈಗೆ ಆಗ ಗೊತ್ತಿದ್ದದ್ದು ಒಂದೇ ಜೊತೆ ಕಣ್ಣು. ಏಣಿ ಇಳಿದು ದೂರ ನಿಂತು ನೋಡಿದ. ಬೇರೆ ಯಾರದೋ ಮೂಗು, ಬೇರೆ ಯಾರದೋ ಬಾಯಿ, ಅವುಗಳ ಮೇಲಿಂದ ಅವನ ಹೆಂಡತಿ ನೋಡುತ್ತಿದ್ದಳು. ಊಟಕ್ಕೆ ಕರೆದು ಬಾಗಿಲಲ್ಲಿ ಕಾಯುವಾಗ ಹೇಗೆ ನೋಡುತ್ತಿದ್ದಳೋ ಹಾಗೆಯೇ. ಅಳಿಸಿಬಿಡಬೇಕು ಅನ್ನಿಸಿತು, ಕೈ ಬರಲಿಲ್ಲ. ಮನೆಯಲ್ಲಿ ಅವಳದೊಂದು ಫೋಟೋ ಕೂಡ ಇರಲಿಲ್ಲ. ಬಡವರ ಮನೆ, ಮುಂದೆ ಎಂದಾದರೂ ತೆಗೆಸಿದರಾಯಿತು ಅಂದುಕೊಂಡಿದ್ದರು.

ಊರಿಗೆ ಊರೇ ಗೋಡೆ ನೋಡಲು ಬಂತು. “ಈಯಮ್ಮನ ಕಣ್ಣು ನೋಡು, ನಮ್ಮ ಮನೆಯವಳ ಥರಾನೇ ಇದ್ದಾಳೆ” ಎಂದರು ಜನ. ಮನೆಯವಳೇ ಕಣ್ರಪ್ಪಾ, ನನ್ನ ಮನೆಯವಳು ಎಂದು ಹೇಳಲು ಪೇಂಟರ್‌ಗೆ ನಾಲಿಗೆ ಏಳಲಿಲ್ಲ. ಮೇಡಂ ಗೆದ್ದರು. ಪಕ್ಷದವರು ಆ ಗೋಡೆಯದೇ ಫೋಟೋ ತೆಗೆದು ಪೋಸ್ಟರ್ ಮಾಡಿದರು. ಮುಂದೆ ಮೇಡಂ ಮಂತ್ರಿಯಾದರು, ಪಕ್ಷದ ಅಧ್ಯಕ್ಷೆಯಾದರು, ಕೊನೆಗೆ ದೇಶದ ಚುಕ್ಕಾಣಿಯೇ ಅವರ ಕೈಗೆ ಬಂತು. ಪೋಸ್ಟರ್ ಮಾತ್ರ ಬದಲಾಗಲಿಲ್ಲ. ಅಂಚೆ ಕಚೇರಿ, ಆಸ್ಪತ್ರೆ, ಶಾಲೆ ಎಲ್ಲಿ ಕಾಲಿಟ್ಟರೂ ಸತ್ತ ಹೆಂಡತಿ ಗೋಡೆಯಿಂದ ನೋಡುತ್ತಿದ್ದಳು. ಪೇಂಟರ್ ಮೊದಮೊದಲು ಅವಳೊಂದಿಗೆ ಮನಸ್ಸಿನಲ್ಲೇ ಮಾತಾಡುತ್ತಿದ್ದ. ಮಗಳಿಗೆ ಹಲ್ಲು ಬಂತು, ಶಾಲೆಗೆ ಸೇರಿಸಿದೆ, ಅಕ್ಕನಿಗೆ ಮಂಡಿ ನೋವು.

ಒಮ್ಮೆ ಮೇಡಂ ಆ ಊರಿಗೇ ಬಂದರು. ಗೋಡೆಯ ಮುಂದೆ ಕಾರು ನಿಲ್ಲಿಸಿ ಇಳಿದು, ಮೂಲೆಯಲ್ಲಿ ಕೈಮುಗಿದು ನಿಂತಿದ್ದ ಪೇಂಟರ್‌ನನ್ನು ಹತ್ತಿರ ಕರೆಸಿದರು. ಅವರ ಕಣ್ಣುಗಳು ಬೇರೆಯೇ ಇದ್ದವು. ಸಣ್ಣವು, ಚುರುಕಾದವು, ಒಂದು ಕಡೆ ನಿಲ್ಲದಂಥವು.

“ಯಾರ ಕಣ್ಣು ಇವು?” ಎಂದು ಮೆಲ್ಲಗೆ ಕೇಳಿದರು.

“ನಿಮ್ಮವೇ ಮೇಡಂ.”

“ನನ್ನ ಕಣ್ಣು ನಂಗೆ ಗೊತ್ತಿಲ್ವಾ? ಇರಲಿ ಬಿಡಿ. ಜನ ಇವನ್ನೇ ನಂಬಿದ್ದಾರೆ. ಬದಲಾಯಿಸೋಕೆ ಹೋಗ್ಬೇಡಿ.”

ಆಮೇಲೆ ನಡೆದದ್ದನ್ನು ನೀವು ನಂಬುತ್ತೀರೋ ಬಿಡುತ್ತೀರೋ, ಪೇಂಟರ್ ಮಾತ್ರ ಕಣ್ಣಾರೆ ಕಂಡ. ವರ್ಷ ಕಳೆದಂತೆ ಟಿವಿಯಲ್ಲಿ ಮೇಡಂ ನೋಡುವ ರೀತಿಯೇ ಬದಲಾಯಿತು. ರೆಪ್ಪೆ ಅರ್ಧ ಇಳಿಸಿ, ತಲೆ ಒಂಚೂರು ವಾಲಿಸಿ, ಎದುರಿನವರನ್ನು ಕಾಯುವವಳ ಹಾಗೆ ನೋಡುವುದನ್ನು ಅವರು ಪೋಸ್ಟರ್ ನೋಡಿಯೇ ಕಲಿತಿದ್ದರು. ಹೆಂಡತಿಯ ನೋಟದಲ್ಲೇ ಅವರು ಮುಷ್ಕರ ನಿಷೇಧಿಸಿದರು, ಪತ್ರಿಕೆ ಮುಚ್ಚಿಸಿದರು, ವಿರೋಧಿಗಳನ್ನು ಒಳಗೆ ಹಾಕಿಸಿದರು. ಅಂಥ ಸುದ್ದಿ ಬಂದಾಗಲೆಲ್ಲ ಪೇಂಟರ್ ಎದ್ದು ಟಿವಿ ಆರಿಸುತ್ತಿದ್ದ. ಪಕ್ಷದವರು ಬಂದು ಗೋಡೆಯ ಮುಖಕ್ಕೆ ಹುಬ್ಬು ಗಟ್ಟಿ ಮಾಡು, ರೆಪ್ಪೆಗೆ ಕಪ್ಪು ಗೆರೆ ಎಳಿ, ನೋಡಿದರೆ ಜನ ಬೆಚ್ಚಬೇಕು ಎಂದರು. ಎಳೆದ. ಹೊಟ್ಟೆಪಾಡು, ಜೊತೆಗೆ ಭಯ. ಹೆಂಡತಿಯೊಂದಿಗೆ ಮಾತಾಡುವುದು ನಿಂತುಹೋಯಿತು.

ಮಗಳನ್ನು ಅವನು ಪುಟ್ಟಿ ಎಂದೇ ಕರೆಯುತ್ತಿದ್ದುದು. ಅವಳು ಶಾಲೆಯ ಟೀಚರಾದಳು, ರೈಲ್ವೆಯ ಗುಮಾಸ್ತನೊಬ್ಬನನ್ನು ಮೆಚ್ಚಿ ಮದುವೆಯಾದಳು. ಅಳಿಯ ಒಳ್ಳೆಯವನು, ಬಾಯಿ ಸ್ವಲ್ಪ ಜೋರು. ನೌಕರರ ಸಂಘದ ಸಭೆಯಲ್ಲಿ ಮೇಡಂ ವಿರುದ್ಧ ಮಾತಾಡಿದ ಎಂದು ಪೊಲೀಸರು ಅವನನ್ನು ಕಚೇರಿಯಿಂದಲೇ ಜೀಪಿನಲ್ಲಿ ಎತ್ತಿಕೊಂಡು ಹೋದರು. ಬಿಟ್ಟು ಕಳಿಸಿದಾಗ ಆ ಜೋರು ಬಾಯಿ ಸತ್ತುಹೋಗಿತ್ತು. ನಿದ್ದೆಯೂ ಬರುತ್ತಿರಲಿಲ್ಲ.

“ಹೊಡೆದಿದ್ದು ಮರೆತೋಗುತ್ತೆ ಮಾವ” ಎಂದ ಒಂದು ದಿನ, ಅನ್ನ ಕಲಸುತ್ತಾ. “ಆ ಕೋಣೆ ಗೋಡೆ ಮೇಲೆ ಅವಳ ಪೋಸ್ಟರ್ ಇತ್ತು. ಹೊಡೆಯುವಷ್ಟು ಹೊತ್ತೂ ಪ್ರೀತಿಯಿಂದ ನೋಡ್ತಾ ಇದ್ಲು. ಕಣ್ಣು ಮುಚ್ಚಿದ್ರೆ ಅದೇ ಬರುತ್ತೆ.”

ಪೇಂಟರ್ ತಟ್ಟೆ ಸರಿಸಿದ. ನೀರು ಕುಡಿಯುವ ನೆಪದಲ್ಲಿ ಎದ್ದುಹೋದ.

ಪುಟ್ಟಿ ಬಸುರಿಯಾದಳು. ಚಿಕ್ಕಂದಿನಿಂದ ಕೇಳುತ್ತಿದ್ದುದನ್ನೇ ಈಗ ಹಟ ಹಿಡಿದು ಕೇಳಿದಳು. “ಊರಿನವರ ಮುಖ ಎಲ್ಲಾ ಬರೀತೀಯ. ಅಮ್ಮನ ಮುಖ ಒಂದು ಬರ್ಕೊಡೋಕೆ ಏನಪ್ಪ ಧಾಡಿ ನಿಂಗೆ? ಹುಟ್ಟೋ ಮಗುಗೆ ಅಜ್ಜಿ ಅಂತ ಏನನ್ನ ತೋರಿಸ್ಲಿ?”

ಅವನು ಅಂಗಡಿಯ ಬಾಗಿಲು ಹಾಕಿಕೊಂಡು ಕಾಗದ ಹರಡಿದ. ಬರೆದ, ಹರಿದ, ಮತ್ತೆ ಬರೆದ. ಎಷ್ಟು ಸಲ ಬರೆದರೂ ಕಾಗದದ ಮೇಲೆ ಬಂದು ಕೂರುತ್ತಿದ್ದವರು ಮೇಡಂ. ಹೆಂಡತಿಯ ಮೂಗು ಹೇಗಿತ್ತು? ನಗುವಾಗ ತುಟಿ ಯಾವ ಕಡೆ ವಾಲುತ್ತಿತ್ತು? ಒಂದೂ ನೆನಪಿಗೆ ಬರಲಿಲ್ಲ. ಕಣ್ಣನ್ನು ಎರವಲು ಕೊಟ್ಟರೆ ಮುಖವನ್ನೂ ಹೊತ್ತುಕೊಂಡು ಹೋಗುತ್ತಾರೆ ಎಂದು ಅವನಿಗೆ ಆಗ ತಿಳಿಯಿತು. ಪಾಪಿ ನಾನು, ಎರಡನೇ ಸಲ ಅವಳನ್ನು ಸಾಯಿಸಿದೆ ಎಂದು ಕೂತಲ್ಲೇ ಅತ್ತ.

ಆ ವರ್ಷದ ಚುನಾವಣೆಯಲ್ಲಿ ಮೇಡಂ ನೆಲಕಚ್ಚಿದರು. ಜನ ಪೋಸ್ಟರ್‌ಗಳನ್ನು ಹರಿದು ತುಳಿದರು. ದೊಡ್ಡ ಗೋಡೆಗೆ ಸುಣ್ಣ ಹೊಡೆಯಲು ಪುರಸಭೆಯವರು ಪೇಂಟರ್‌ಗೇ ಹೇಳಿದರು. ಬೇಡವೆಂದರೂ ಕೇಳದೆ ಪುಟ್ಟಿ ತುಂಬಿದ ಹೊಟ್ಟೆ ಹೊತ್ತುಕೊಂಡು ಜೊತೆಗೆ ಬಂದಳು. ಆ ಮುಖ ಹೋಗುವುದನ್ನು ಕಣ್ತುಂಬ ನೋಡಬೇಕಿತ್ತು ಅವಳಿಗೆ.

ಗದ್ದ, ಬಾಯಿ, ಮೂಗು, ಹಣೆ ಎಲ್ಲದರ ಮೇಲೂ ಸುಣ್ಣ ಬಿತ್ತು. ಬಿಸಿಲಿಗೆ ಒಣಗಿ ಬೆಳ್ಳಗಾದ ಗೋಡೆಯ ನಡುವೆ ಎರಡು ಕಣ್ಣು ಮಾತ್ರ ಉಳಿದವು. ಪೇಂಟರ್ ಏಣಿಯ ಮೇಲೆ ಬ್ರಷ್ ಹಿಡಿದು ಸುಮ್ಮನೆ ನಿಂತುಬಿಟ್ಟ.

“ಯಾಕಪ್ಪ? ಅದನ್ನೂ ಮುಗಿಸು.”

ಅವನು ಕೆಳಗಿಳಿದು ಬಂದು ಹೇಳಿದ. ಮಸಿ ಕದಡಿದ ಫೋಟೋದಿಂದ ಹಿಡಿದು ಹರಿದೆಸೆದ ಕಾಗದದವರೆಗೆ ಒಂದನ್ನೂ ಮುಚ್ಚಿಡಲಿಲ್ಲ.

ಪುಟ್ಟಿ ಗೋಡೆಯನ್ನು ಬಹಳ ಹೊತ್ತು ನೋಡಿದಳು. “ಅಮ್ಮ ಹೀಗೇ ನೋಡ್ತಿದ್ಲಾ?”

“ಹೀಗಲ್ಲ.”

“ಮತ್ತೆ ಹೇಗೆ?”

“ನೆನಪಿಲ್ಲ ಮಗಳೇ.”

ಅವಳ ಮುಖ ಕಪ್ಪಿಟ್ಟಿತು. “ಹಾಗಾದ್ರೆ ಇದು ಅಮ್ಮ ಅಲ್ಲ. ಅಳಿಸು. ಇವರಿಗೆ ಮಾತ್ರ ಹೇಳ್ಬೇಡ, ಸತ್ತೇ ಹೋಗ್ತಾರೆ” ಎಂದು ಗಂಡನನ್ನು ನೆನೆದು ಗೋಡೆಗೆ ಬೆನ್ನು ಮಾಡಿ ನಲ್ಲಿಯ ಕಟ್ಟೆಯ ಮೇಲೆ ಹೋಗಿ ಕೂತಳು.

ಅವನು ಏಣಿ ಹತ್ತಿ ಬಳಿದ. ಹಸಿ ಸುಣ್ಣದಡಿ ಎಲ್ಲವೂ ಕಾಣುತ್ತದೆ, ಒಣಗುತ್ತಾ ಬಂದಂತೆ ಬಿಳುಪು ಏರುತ್ತದೆ. ಕೆಳಗಿಳಿದು ನಿಂತು ನೋಡುತ್ತಿದ್ದಂತೆ ಮೊದಲು ತೆಳು ಗೆರೆಗಳು ಹೋದವು. ಹುಬ್ಬಿನ ಬಿಗಿ ಹೋಯಿತು, ರೆಪ್ಪೆಯ ಕಪ್ಪು ಹೋಯಿತು. ದೇಶವನ್ನು ಹೆದರಿಸಿದ್ದೆಲ್ಲ ಹೋದ ಮೇಲೆ ಒಂದು ಗಳಿಗೆ ಅವಳು ಬಂದಳು. ಊಟಕ್ಕೆ ಕರೆದು ಬಾಗಿಲಲ್ಲಿ ಕಾಯುತ್ತಿದ್ದವಳು. ಆ ಕಣ್ಣಿನ ಹಿಂದೆಯೇ ಮೂಗು, ತುಟಿ, ನಗು ಎಲ್ಲವೂ ಅವನಿಗೆ ನೆನಪಾದವು.

“ಪುಟ್ಟಿ, ಬಾ ಬೇಗ. ನಿಮ್ಮಮ್ಮ ಬಂದಿದ್ದಾಳೆ.”

“ಬೇಡಪ್ಪ.”

“ನಿನ್ನ ದಮ್ಮಯ್ಯ, ಒಂದು ಸಲ ಬಾ.”

ಅವಳು ಕಟ್ಟೆಗೆ ಕೈ ಊರಿ, ಭಾರದ ಹೊಟ್ಟೆ ಹಿಡಿದು ಎದ್ದು, ಮೆಲ್ಲಗೆ ನಡೆದು ಬಂದು ಅಪ್ಪನ ಪಕ್ಕದಲ್ಲಿ ನಿಂತಳು. ಅವನು ಬೆರಳು ಚಾಚಿ ತೋರಿಸುತ್ತಲೇ ಇದ್ದ. ಗೋಡೆ ಒಣಗಿ ಒಂದು ಕಲೆಯೂ ಇಲ್ಲದೆ ಬೆಳ್ಳಗಿತ್ತು. ಪುಟ್ಟಿ ಅಪ್ಪನ ಮುಖ ನೋಡಿದಳು, ಅವನ ಬೆರಳು ನೋಡಿದಳು, ಆಮೇಲೆ ಗೋಡೆಯನ್ನು ತುಂಬ ಹೊತ್ತು ನೋಡಿದಳು.

“ಚೆನ್ನಾಗಿದ್ಲಪ್ಪ ಅಮ್ಮ” ಎಂದಳು.